ಸೊನ್ನೆಗೊಂದು ಜಾಗ

ಸಿಂದಗಿ ಶಾಲೆಯಲ್ಲಿ ಗಣಿತ ಕಲಿಸುತ್ತಿದ್ದ ನಮ್ಮ ಅಕ್ಕೋರ ಬಲಹುಬ್ಬು ಎಡಹುಬ್ಬಿಗಿಂತ ಅರ್ಧ ಬೆರಳು ಮೇಲೇ ಇರುತ್ತಿತ್ತು. ಲೋಕದ ಮೇಲೆ ಅಷ್ಟು ಸಂಶಯ. ಹಾಲಿನವನ ಎದುರೇ ಹಾಲಿಗೆ ಬೆರಳದ್ದಿ ನೋಡುವರು. ಬಸ್ಸಿನ ಬೋರ್ಡಿನ ಮೇಲೆ ದೇವರ ಹಿಪ್ಪರಗಿ ಎಂದಿದ್ದರೂ ಮೂವರನ್ನು ಕೇಳಿಯೇ ಹತ್ತುವರು.

ಎಪ್ಪತ್ತರ ದಶಕದ ಕೊನೆ. ಪುಣೆಯಲ್ಲಿದ್ದ ಅವರ ತಮ್ಮ ‘ಸಿ’ ಎಂಬ ಕಂಪ್ಯೂಟರ್ ಭಾಷೆಯ ಒಂದಷ್ಟು ಹಾಳೆ ಕಳಿಸಿದ್ದರು. ಬಿ.ಎಸ್ಸಿ. ಮುಗಿಸಿ ಸಿಂದಗಿಯ ಸೋದರಮಾವನ ಮನೆಯಲ್ಲಿದ್ದ ನನಗೆ ಅಕ್ಕೋರು ಅದನ್ನು ಕಲಿಸತೊಡಗಿದರು. ಕಂಪ್ಯೂಟರನ್ನು ಅವರೂ ಕಂಡವರಲ್ಲ. ನನ್ನನ್ನು ಮಂಗ ಮಾಡುತ್ತಿದ್ದಾರೆಯೇ ಎಂಬ ಗುಮಾನಿ ನನಗೂ ಇತ್ತು.

ಊರ ಹೆಸರುಗಳ ಪಟ್ಟಿಗೆ ಯಂತ್ರದ ನೆನಪಿನಲ್ಲಿ ಜಾಗ ಕೇಳುವುದು ಅವರ ಮೆಚ್ಚಿನ ಪಾಠ. ಪಟ್ಟಿಗೆ ಒಮ್ಮೆ, ಆಮೇಲೆ ಒಂದೊಂದು ಹೆಸರಿಗೂ ಅದರ ಉದ್ದ ನೋಡಿ ಬೇರೆ ಬೇರೆ ಕೇಳಬೇಕು.

“ಕಿಟಕ್ಯಾಗಿಂದ ಕರ್ಚೀಪು ಒಗದಿ ಅಂದ್ರ ಸೀಟು ಸಿಕ್ಕಂಗಲ್ಲವಾ. ಒಳಗ ಹೋಗಿ ನೋಡು. ಇಳಿಯೂ ಮುಂದ ಕರ್ಚೀಪು ತಗಿ,” ಎನ್ನುತ್ತಿದ್ದರು; ಕೇಳಿದ ಜಾಗ ಸಿಕ್ಕಿತೇ ನೋಡು, ಕೆಲಸ ಮುಗಿದ ಮೇಲೆ ಬಿಟ್ಟುಕೊಡು ಎಂದು ಅದರರ್ಥ. ಹೆಸರು ಮುಗಿಯಿತೆಂದು ತಿಳಿಸುವ ಕೊನೆಯ ಸೊನ್ನೆಗೂ ಒಂದು ಜಾಗ ಕೇಳಬೇಕೆಂದು ನೂರು ಸಲ ಹೇಳಿದ್ದರು.

ಆ ತಮ್ಮನ ವಶೀಲಿಯಿಂದ ಪುಣೆಯ ಕಂಪ್ಯೂಟರ್ ಕಚೇರಿಯೊಂದಕ್ಕೆ ಮೂರು ತಿಂಗಳ ಮಟ್ಟಿಗೆ ಸೇರಿದೆ. ಕಾಯಂ ಆಗದಿದ್ದರೆ ಊರಾದ ಇಂಡಿಗೆ ವಾಪಸು, ಅಪ್ಪ ಗೊತ್ತು ಮಾಡಿದ ವರನಿಗೆ ಕೊರಳೊಡ್ಡುವುದು. ಸಾಹೇಬರಿಗೆ ತೋರಿಸಲು ಅದೇ ಊರ ಪಟ್ಟಿಯ ಪ್ರೋಗ್ರಾಂ ಬರೆದೆ. ಇಂಗ್ಲಿಷಿನಲ್ಲಿ ಸಿಂದಗಿ, ತಾಂಬಾ ಎಂದು ಕೊಟ್ಟೆ; ಸರಿಯಾಗಿ ಬಂತು. ಹಿಗ್ಗಿ ಹೋಗಿ ಅಕ್ಕೋರಿಗೊಂದು ಪ್ರತಿ ಕಳಿಸಿದೆ.

ಎಂಟು ದಿನಕ್ಕೆ ಕೆಂಪು ಶಾಯಿಯಲ್ಲಿ ಉತ್ತರ ಬಂತು: “ಸೊನ್ನಿಗೆ ಜಾಗಾ ಎಲ್ಲೈತಿ? ಬಂತು ಅಂತ ನಂಬಬ್ಯಾಡ. ನಿಮ್ಮೂರು ಹಾಕಿ ನೋಡು.”

ಇಂಡಿ ಹಾಕಿ, ಅದರ ಕೆಳಗೆ ಮುದ್ದೇಬಿಹಾಳ ಹಾಕಿದೆ. ಪ್ರೋಗ್ರಾಂ ಅರ್ಧಕ್ಕೇ ನಿಂತಿತು. ಯಂತ್ರ ಜಾಗ ಕೊಡುತ್ತಿದ್ದುದು ಎರಡೆರಡು ಅಕ್ಷರದ ಲೆಕ್ಕದಲ್ಲಿ. ಸಿಂದಗಿಯ ಏಳು, ತಾಂಬಾದ ಐದು ಇಂಗ್ಲಿಷ್ ಅಕ್ಷರಗಳ ಪಕ್ಕ ಒಂದು ಮನೆ ಖಾಲಿ ಉಳಿದು, ಸೊನ್ನೆ ಅಲ್ಲಿ ನುಸುಳಿಕೊಂಡಿತ್ತು. ಇಂಡಿಯ ನಾಲ್ಕಕ್ಕೆ ಆ ಖಾಲಿ ಮನೆ ಇರಲಿಲ್ಲ. ಸೊನ್ನೆ ಪಕ್ಕದವರ ಜಾಗ ತುಳಿದಿತ್ತು. ಸೊನ್ನೆಗೂ ಒಂದು ಜಾಗ ಕೇಳಿ ತಿದ್ದಿದೆ.

ಮೊದಲಿನ ತಪ್ಪನ್ನೂ ತಿದ್ದಿದ್ದನ್ನೂ ತೋರಿಸಿದಾಗ ಸಾಹೇಬರು ಮೆಚ್ಚಿ, “ಇಷ್ಟು ಸೂಕ್ಷ್ಮ ತಪ್ಪು ಹಿಡಿದವರು ಯಾರು?” ಎಂದರು. “ನಾನೇ,” ಎಂದೆ. ಕೆಲಸ ಕಾಯಂ ಆಯಿತು. ಅಕ್ಕೋರಿಗೆ ಮಾತ್ರ, “ಸಾಹೇಬ್ರ ಮುಂದ ನಿಮ್ಮ ಹೆಸರು ಹೇಳೇನ್ರಿ,” ಎಂದು ಕಾಗದ ಬರೆದೆ. ಅದನ್ನು ಅವರು ಇಡೀ ಶಾಲೆಗೆ ತೋರಿಸಿದರಂತೆ.

ಎರಡು ವರ್ಷಕ್ಕೆ ಅಕ್ಕೋರು ತೀರಿಕೊಂಡರು. ಮನೆಯವರನ್ನು ಮಾತಾಡಿಸಲು ಹೋದಾಗ ಅವರ ತಮ್ಮ ನನ್ನನ್ನೇ ನೋಡುತ್ತ, “ಸಾಹೇಬ್ರು ನನಗ ಪರಿಚಯದವ್ರ ಅಂತ ಅಕ್ಕಗ ಗೊತ್ತಿತ್ತು. ನೀ ಬರದದ್ದು ಖರೇ ಏನು, ಅವ್ರನ್ನ ಕೇಳು ಅಂತ ನನಗ ಒಂದ್ ಮಾತೂ ಅನ್ನಲಿಲ್ಲ ಆಕಿ,” ಎಂದರು.

ಅಕ್ಕೋರು ವಿಚಾರಿಸದೆ ನಂಬಿದ್ದು ನನ್ನ ಆ ಸುಳ್ಳೊಂದನ್ನೇ.