ಗದಿಗೆವ್ವ ಬರೆದ ಎರಡು ‘ಇಲ್ಲ’

ಬೆಳಗಿನ ಐದೂವರೆ. ರಾಣೆಬೆನ್ನೂರಿನ ಹೊರವಲಯದ ಮನೆಯೊಂದರ ಕಟ್ಟೆಯ ಮೇಲೆ ಗದಿಗೆವ್ವ ಬಿಳಿ ಬಟ್ಟೆಯೊಂದನ್ನು ತೊಡೆಯ ಮೇಲೆ ಹರವಿಕೊಂಡು ಕುಳಿತಿದ್ದಾರೆ. ಬಟ್ಟೆಗೆ ಚುಚ್ಚಿಕೊಂಡಿರುವ ಹುಲ್ಲಿನ ಮುಳ್ಳನ್ನು ಎರಡು ಉಗುರುಗಳ ನಡುವೆ ಹಿಡಿದು ಎಳೆಯುತ್ತಾರೆ. ಪಕ್ಕದ ತಾಟಿಗೆ ಹಾಕುತ್ತಾರೆ. ಮತ್ತೊಂದನ್ನು ಹುಡುಕುತ್ತಾರೆ. ಒಳಗೆ ಗಂಡ ಚಹಾ ಕಾಸುತ್ತಿರುವ ಸದ್ದು ಬಿಟ್ಟರೆ ಬೇರೆ ಸದ್ದಿಲ್ಲ. ಈ ಅರ್ಧ ಗಂಟೆ ಅವರನ್ನು ಯಾರೂ ಮಾತಾಡಿಸುವುದಿಲ್ಲ. ಒಂದು ಮುಳ್ಳು ಉಳಿದರೂ ಹುಲ್ಲುಗಾವಲಿನಲ್ಲಿ ಅದು ಉಣ್ಣಿಯಂತೆ ಕಾಣುತ್ತದೆ.

ಆರೂಕಾಲಿಗೆ ಅವರು ಕೃಷ್ಣಮೃಗ ಅಭಯಾರಣ್ಯದ ಅಂಚಿನ ಹುಲ್ಲಿನಲ್ಲಿ ಇರುತ್ತಾರೆ. ಪ್ಯಾಂಟಿನ ಕಾಲನ್ನು ಕಾಲುಚೀಲದೊಳಗೆ ಸಿಕ್ಕಿಸಿ, ಮೇಲೆ ಸೀರೆಯನ್ನು ಮೊಣಕಾಲವರೆಗೆ ಎತ್ತಿ ಕಟ್ಟಿದ್ದಾರೆ. ಒಂದು ಮೀಟರ್ ಉದ್ದ, ಒಂದು ಮೀಟರ್ ಅಗಲದ ಆ ಬಟ್ಟೆಗೆ ಒಂದು ಬದಿಯಲ್ಲಿ ಕೋಲು, ಕೋಲಿಗೆ ಹಗ್ಗ. ಹುಲ್ಲಿನ ಮೇಲೆ ಅದನ್ನು ಎಳೆಯುತ್ತಾ ಹತ್ತು ಹೆಜ್ಜೆ ನಡೆಯುತ್ತಾರೆ, ನಿಲ್ಲುತ್ತಾರೆ, ಮಗುಚಿ ನೋಡುತ್ತಾರೆ. ದಾರಿಹೋಕ ಪ್ರಾಣಿಗಾಗಿ ಹುಲ್ಲಿನ ತುದಿಯಲ್ಲಿ ಕಾಯುತ್ತಿದ್ದ ಉಣ್ಣಿ ಬಟ್ಟೆಗೆ ಅಂಟಿಕೊಂಡಿರುತ್ತದೆ. ದೊಡ್ಡದಾದರೆ ಎಳ್ಳಿನಷ್ಟು, ಮರಿಯಾದರೆ ಗಸಗಸೆಯಷ್ಟು. ಚಿಮಟದಲ್ಲಿ ಎತ್ತಿ ಹತ್ತಿ ತುರುಕಿದ ಗಾಜಿನ ನಳಿಕೆಗೆ ಬಿಡುತ್ತಾರೆ. ದಿನಕ್ಕೆ ಇಂಥ ಇನ್ನೂರು ಎಳೆತ. ಬೇಸಿಗೆಯಲ್ಲಿ ಇಡೀ ಬೆಳಗ್ಗೆ ನಾಲ್ಕೈದು ಉಣ್ಣಿ ಸಿಕ್ಕರೆ ಹೆಚ್ಚು. ಮಳೆ ಹಿಂದೆಗೆದ ಮೇಲೆ ಎಂಬತ್ತು, ತೊಂಬತ್ತು. ಐದು ವರ್ಷಗಳಲ್ಲಿ ಹದಿನಾಲ್ಕು ಸಾವಿರ ದಾಟಿದೆ.

“ಊರ ಮಂದಿ ಉಣ್ಣಿ ಕಿತ್ತು ಒಗೀತಾರ. ನಮ್ಮಾಕಿ ಡಬ್ಬಿಯೊಳಗ ಇಟ್ಟು ಉಪಚಾರ ಮಾಡ್ತಾಳ” ಎನ್ನುತ್ತಾರೆ ಟಂಟಂ ಆಟೊ ಓಡಿಸುವ ಗಂಡ ವಿರೂಪಾಕ್ಷಪ್ಪ.

“ನಿಮ್ಮನ್ನೂ ಇಡ್ತಿದ್ನಿ. ಅಷ್ಟು ದೊಡ್ಡ ಡಬ್ಬಿ ಸಿಗಲಿಲ್ಲ” ಎನ್ನುತ್ತಾರೆ ಗದಿಗೆವ್ವ.

ಅವರಿಗೆ ಈಗ ನಲವತ್ತಾರು. ಏಳನೆಯ ತರಗತಿಗೆ ಶಾಲೆ ಬಿಟ್ಟವರು. ಹದಿನೆಂಟು ವರ್ಷ ಬ್ಯಾಡಗಿಯಲ್ಲಿ ಮೆಣಸಿನಕಾಯಿಯ ತೊಟ್ಟು ಬಿಡಿಸಿದ್ದಾರೆ. ಐದು ವರ್ಷದ ಹಿಂದೆ ಒಂದು ಸಂಶೋಧನಾ ತಂಡ ಕೆಲಸಗಾರರನ್ನು ಹುಡುಕುತ್ತಾ ಅಲ್ಲಿಗೆ ಬಂತು. ಪರಾತದಲ್ಲಿ ಹುಲ್ಲಿನ ಬೀಜದ ಜೊತೆ ಸತ್ತ ಐವತ್ತು ಉಣ್ಣಿಗಳನ್ನು ಕಲೆಸಿ, ಆರಿಸಿಕೊಡಿ ಎಂದರು. ಉಳಿದವರಿಗೆ ಇಪ್ಪತ್ತು ನಿಮಿಷ ಹಿಡಿಯಿತು. ಗದಿಗೆವ್ವ ಆರು ನಿಮಿಷದಲ್ಲಿ ಮುಗಿಸಿ, “ಐವತ್ತೊಂದು ಅದಾವ್ರಿ” ಎಂದರು. ಎಣಿಸಿ ನೋಡಿದರೆ ಐವತ್ತೊಂದೇ ಇದ್ದವು.

“ಕೈ ಉರಿ ಇಲ್ಲದ ಕೆಲಸ ಅಂತ ಬಂದ್ನಿ” ಎನ್ನುತ್ತಾರೆ. “ಈಗ ಕೈ ಉರಿಯಂಗಿಲ್ಲ. ತಲಿ ಬಿಸಿ ಆಗತೈತಿ.”

ಆ ತಂಡ ಅಧ್ಯಯನ ಮಾಡುತ್ತಿರುವುದು ಲೈಮ್ ರೋಗವನ್ನು. ಉಣ್ಣಿ ಕಚ್ಚುವುದರಿಂದ ಬರುವ ಈ ರೋಗ ಹೊರದೇಶಗಳಲ್ಲಿ ಹೆಚ್ಚು, ನಮ್ಮಲ್ಲಿ ವಿರಳ. ಕಚ್ಚಿದ ಜಾಗದ ಸುತ್ತ ಬಳೆಯಂತೆ ಕೆಂಪು ಏಳಬಹುದು. ಜ್ವರ, ಕೀಲುನೋವು ಬರಬಹುದು. ಎರಡು ಮೂರು ವಾರ ಗುಳಿಗೆ ನುಂಗಿದರೆ ಬಹಳ ಮಂದಿ ಗುಣವಾಗುತ್ತಾರೆ. ಕೆಲವರಿಗೆ ಮಾತ್ರ ನೋವು, ಸುಸ್ತು ತಿಂಗಳುಗಟ್ಟಲೆ ಉಳಿಯುತ್ತದೆ. ರೋಗಾಣು ಒಳಗೆಲ್ಲೋ ಅಡಗಿ ಕುಳಿತಿರುತ್ತದೆಯೇ, ಅಥವಾ ಅದು ಹೋದ ಮೇಲೂ ಮೈ ತನ್ನಷ್ಟಕ್ಕೆ ಹೋರಾಡುತ್ತಿರುತ್ತದೆಯೇ ಎಂಬುದರಲ್ಲಿ ವಿಜ್ಞಾನಿಗಳಿಗೆ ಒಮ್ಮತವಿಲ್ಲ. ಮನುಷ್ಯರಿಂದ ಮನುಷ್ಯರಿಗೆ ಹರಡೀತೇ ಎಂಬುದು ಇನ್ನೊಂದು ಪ್ರಶ್ನೆ. ಬಸುರಿಯಿಂದ ಹೊಟ್ಟೆಯ ಕೂಸಿಗೆ ಹೋಗಿರಬಹುದಾದ ಅಪರೂಪದ ಉದಾಹರಣೆಗಳಿವೆ. ಗಂಡನಿಂದ ಹೆಂಡತಿಗೆ, ಹೆಂಡತಿಯಿಂದ ಗಂಡನಿಗೆ ಹೋಗುತ್ತದೆ ಎನ್ನಲು ಪುರಾವೆ ಇಲ್ಲ. ಈ ಎರಡು ಪ್ರಶ್ನೆಗಳಿಗಾಗಿ ತಂಡವು ಕುರಿಗಾರರ ಅರವತ್ತನಾಲ್ಕು ಮನೆಗಳಲ್ಲಿ ಆರು ತಿಂಗಳಿಗೊಮ್ಮೆ ರಕ್ತ ಪಡೆಯುತ್ತದೆ.

ಮಧ್ಯಾಹ್ನದ ಮೇಲೆ ಗದಿಗೆವ್ವನ ಕೆಲಸ ಆ ಮನೆಗಳಲ್ಲಿ. ಓದು ಬಾರದವರಿಗೆ ಪ್ರಶ್ನೆ ಓದಿ ಹೇಳಿ, ಉತ್ತರವನ್ನು ಫಾರಮಿನಲ್ಲಿ ಬರೆಯುತ್ತಾರೆ. ಶುಕ್ರವಾರ ನಳಿಕೆಗಳನ್ನೆಲ್ಲ ಥರ್ಮಾಕೋಲ್ ಪೆಟ್ಟಿಗೆಯಲ್ಲಿಟ್ಟು ಹಾವೇರಿಯ ಕಚೇರಿಗೆ ಬಸ್ಸಿನಲ್ಲಿ ಒಯ್ಯುತ್ತಾರೆ. ಒಳಗೇನಿದೆ ಎಂದು ಕೇಳಿದವರಿಗೆ ಸುಳ್ಳು ಹೇಳುವುದಿಲ್ಲ. “ಖರೇ ಹೇಳಿದ್ರ ಕುಂಡ್ರಾಕ ಜಾಗಾ ಸಿಗತೈತಿ” ಎಂದು ನಗುತ್ತಾರೆ.

ನಗದೆ ಹೇಳುವ ಒಂದು ವಿಷಯವೂ ಅವರಲ್ಲಿದೆ. ಅದು ರೇಣುಕವ್ವನದು.

ರಾಣೆಬೆನ್ನೂರಿನ ಆಚೆಗಿನ ಒಂದು ಊರಿನಲ್ಲಿ ಕುರಿಗಾರ ಗುಡದಪ್ಪನಿಗೆ ಎರಡು ವರ್ಷದ ಹಿಂದೆ ಈ ರೋಗ ಬಂತು. “ಗುಳಿಗಿ ಮುಗದ್ವು. ಮೊಣಕಾಲನೋವು ಮುಗೀಲಿಲ್ಲ ನೋಡ್ರಿ” ಎನ್ನುತ್ತಾನೆ. ಹೋದ ವರ್ಷ ಅವನ ಹೆಂಡತಿ ರೇಣುಕವ್ವನ ರಕ್ತದಲ್ಲೂ ಅದೇ ರೋಗದ ಗುರುತು ಕಂಡಿತು. ಮೊಲೆಯುಣ್ಣುವ ಹೆಣ್ಣುಕೂಸಿನ ರಕ್ತದಲ್ಲಿ ಏನೂ ಇರಲಿಲ್ಲ. ತಂಡದವರು ರೇಣುಕವ್ವನ ಫಾರಮು ತೆಗೆದು ನೋಡಿದರು. ‘ಹುಲ್ಲುಗಾವಲಿಗೆ, ಕಾಡಿಗೆ ಹೋಗುತ್ತೀರಾ?’ ಇಲ್ಲ. ‘ಉಣ್ಣಿ ಕಚ್ಚಿದ್ದು ನೆನಪಿದೆಯೇ?’ ಇಲ್ಲ. ಎರಡೂ ಗದಿಗೆವ್ವನ ಕೈಬರಹ.

ಹೊರಗೆ ಹೋಗದ ಹೆಂಗಸಿಗೆ ರೋಗ ಬಂದದ್ದು ಹೇಗೆ? ಒಂದೇ ತಿಂಗಳಲ್ಲಿ ಮೂರು ಸಲ ಜೀಪು ಆ ಮನೆಯ ಮುಂದೆ ನಿಂತಿತು. ಹೊಸದಾಗಿ ಸೇರಿದ್ದ ಒಬ್ಬ ನೌಕರ ಬಾಗಿಲಲ್ಲೇ ನಿಂತು, ಗಂಡ ಹೆಂಡತಿ ಒಟ್ಟಿಗೆ ಮಲಗುತ್ತೀರಾ, ಎಷ್ಟು ದಿನಕ್ಕೊಮ್ಮೆ ಎಂದು ಕೇಳಿದ. ಓಣಿ ಕೇಳಿಸಿಕೊಂಡಿತು. ವಾರದೊಳಗೆ ಊರಿನಲ್ಲಿ ಮಾತು ತಿರುಗಿ, ರೋಗ ಹೆಂಡತಿಯದು, ಗಂಡನಿಗೆ ಗುಣವಾಗದಿರುವುದು ಅದಕ್ಕೇ ಎಂದಾಯಿತು. ಗುಡದಪ್ಪನ ತಾಯಿ ಚೌಡವ್ವ, ಸೊಸೆಯನ್ನೂ ಕೂಸನ್ನೂ ಬ್ಯಾಡಗಿ ತಾಲ್ಲೂಕಿನ ಕದರಮಂಡಲಗಿಯ ತವರಿಗೆ ಕಳಿಸಿದಳು. ಏಳು ತಿಂಗಳಾಯಿತು. ರೇಣುಕವ್ವ ಅಲ್ಲಿಯೇ ಗುಳಿಗೆ ಮುಗಿಸಿ ಗುಣವಾಗಿದ್ದಾಳೆ. ಕರೆಯಲು ಯಾರೂ ಬಂದಿಲ್ಲ.

ಗಂಡನ ಮನೆಯವರ ಕೋರಿಕೆಯಂತೆ ಊರಿನ ಹೆಸರು ಬಿಟ್ಟು, ಅವರ ಹೆಸರುಗಳನ್ನು ಬದಲಿಸಿ ಇಲ್ಲಿ ಬರೆಯಲಾಗಿದೆ. ರೇಣುಕವ್ವ ಮಾತ್ರ ಒಪ್ಪಲಿಲ್ಲ. “ನನ್ನ ಹೆಸರು ಖರೇದ್ದ ಹಾಕ್ರಿ. ನಾ ಏನ್ ತಪ್ಪ ಮಾಡೇನಿ?” ಎಂದಳು.

ಆರು ತಿಂಗಳ ರಕ್ತದ ಸರದಿಗೆ ಗದಿಗೆವ್ವ ಕದರಮಂಡಲಗಿಗೆ ಹೋದಾಗ ರೇಣುಕವ್ವ ತವರುಮನೆಯ ಅಂಗಳದಲ್ಲಿ ಕುರಿ ಕಾಯುವ ಅಣ್ಣನ ಕಂಬಳಿ ಬಿಡಿಸಿಕೊಂಡು ಕುಳಿತಿದ್ದಳು. ಕೂಸು ಅದರ ಇನ್ನೊಂದು ಮೂಲೆಯಲ್ಲಿ ಮಲಗಿತ್ತು. ರೇಣುಕವ್ವ ಉಣ್ಣೆಯ ಎಳೆಗಳ ನಡುವೆ ಬೆರಳಾಡಿಸಿ, ಸಿಕ್ಕಿದ್ದನ್ನು ಕಿತ್ತು, ಹೆಬ್ಬೆರಳ ಉಗುರಿನಲ್ಲಿ ಕಲ್ಲಿಗೆ ಒತ್ತುತ್ತಿದ್ದಳು.

“ಏನಬೇ ಅದು?” ಎಂದು ಗದಿಗೆವ್ವ ಕೇಳಿದರು.

“ಉಣ್ಣಿ. ಮತ್ತೇನ್ರಿ?”

“ಗಂಡನ ಮನ್ಯಾಗೂ ಆರಿಸ್ತಿದ್ದೇನು?”

“ಮತ್ತ ಯಾರ ಆರಿಸ್ಬೇಕ್ರಿ ಅಕ್ಕಾರ? ಅವರು ಹದಿನೈದು ದಿನಕ್ಕೊಮ್ಮಿ ಬರಾವ್ರು. ಬಂದ ಕೂಡ್ಲೆ ಕಂಬಳಿ ನನ್ನ ಮುಂದ ಒಗದು ಉಣ್ಣಾಕ ಕುಂಡ್ರಾವ್ರು.”

“ನಾ ಕೇಳಿದಾಗ ಯಾಕ ಹೇಳಲಿಲ್ಲ?”

“ನೀವು ಕಂಬಳೀದು ಎಲ್ಲಿ ಕೇಳಿದ್ರಿ? ಕಚ್ಚೈತೇನು ಅಂದ್ರಿ, ಇಲ್ಲ ಅಂದ್ನಿ. ಹುಲ್ಲಿಗೆ ಹೋಗ್ತೀಯೇನು ಅಂದ್ರಿ, ಇಲ್ಲ ಅಂದ್ನಿ.”

ಕುರಿಗಾರರ ಮನೆಗಳಲ್ಲಿ ಕಂಬಳಿಯನ್ನು ಸುಮ್ಮಸುಮ್ಮನೆ ನೀರಿಗೆ ಹಾಕುವುದಿಲ್ಲ. ನೀರು ಕುಡಿದರೆ ಅದು ಕೆಡುತ್ತದೆ. ಮೇಲಾಗಿ ಕಂಬಳಿಗೆ ಮೈಲಿಗೆ ಇಲ್ಲ, ಪೂಜೆಗೂ ಅದನ್ನೇ ಹಾಸುತ್ತಾರೆ. ಹಾಗಾಗಿ ಅದನ್ನು ಝಾಡಿಸಿ, ಕೈಯಿಂದ ಆರಿಸಿ ಶುಚಿ ಮಾಡಬೇಕು. ಅದು ಹೆಂಗಸರ ಕೆಲಸ. ಕಸ ಗುಡಿಸಿದ್ದನ್ನು ಯಾರೂ ಹೇಳಿಕೊಳ್ಳದಂತೆ ಇದನ್ನೂ ಹೇಳಿಕೊಳ್ಳುವುದಿಲ್ಲ. ಗಸಗಸೆಯಷ್ಟಿರುವ ಮರಿ ಉಣ್ಣಿ ಕಚ್ಚಿದ್ದು ಗೊತ್ತೂ ಆಗುವುದಿಲ್ಲ.

“ನಮ್ಮಪ್ಪನೂ ಕಂಬಳಿ ಹೊದ್ದಾಂವ” ಎನ್ನುತ್ತಾರೆ ಗದಿಗೆವ್ವ. “ನಮ್ಮವ್ವ ಆರಿಸೂದು ನೋಡಕೋತ ಬೆಳದೇನಿ. ಪ್ರಶ್ನಿ ಬರದ ಮೇಡಮ್ಮಾರಿಗೆ ಗೊತ್ತಿರಂಗಿಲ್ಲ, ನನಗ ಗೊತ್ತಿತ್ತಲ್ಲ? ಕಾಗದ ಕೈಯಾಗ ಬಂದ ಮ್ಯಾಲ ಕಾಗದದಾಗಿಂದಷ್ಟ ಕೇಳಿದ್ನಿ.”

ಮರುದಿನವೇ ಅವರು ಗುಡದಪ್ಪನ ಊರಿಗೆ ಹೋದರು. ಬಿಳಿ ಬಟ್ಟೆಯನ್ನು ಅಂಗಳದಲ್ಲಿ ಹಾಸಿ, ಅವನ ಕಂಬಳಿಯನ್ನು ಅದರ ಮೇಲೆ ಝಾಡಿಸಿದರು. ಇಪ್ಪತ್ತಮೂರು ಉಣ್ಣಿ ಬಿದ್ದವು. ಹತ್ತೊಂಬತ್ತು ಮರಿಗಳು. ಪ್ರಯೋಗಾಲಯದ ಪರೀಕ್ಷೆಯಲ್ಲಿ ಎರಡರಲ್ಲಿ ರೋಗಾಣುವಿನ ಕುರುಹು ಸಿಕ್ಕಿತು.

ತಂಡದ ಮುಖ್ಯಸ್ಥೆ ಡಾ. ಭುವನಾ ಮೈಸೂರಿನ ಕಡೆಯವರು, ಮಾತಿನಲ್ಲಿ ಎಚ್ಚರ. “ಗಂಡನಿಂದ ಬಂದಿರಬಹುದು ಎಂದು ನಾವು ಯೋಚಿಸಿದ್ದು ಆ ಎರಡು ‘ಇಲ್ಲ’ಗಳ ಮೇಲೆ. ಈಗ ಅವು ನಿಲ್ಲುವುದಿಲ್ಲ. ಉಣ್ಣಿಯಿಂದ ಬಂದಿರುವುದೇ ಹೆಚ್ಚು ಸಾಧ್ಯ. ಆದರೆ ರಕ್ತದ ಗುರುತು ರೋಗ ಯಾವ ದಾರಿಯಲ್ಲಿ ಬಂತು ಅಂತ ಹೇಳುವುದಿಲ್ಲ. ಖಚಿತವಾಗಿ ಬರೆದುಕೊಡಿ ಅಂದರೆ ನನ್ನಿಂದ ಆಗದು” ಎನ್ನುತ್ತಾರೆ. ಬಾಗಿಲಲ್ಲಿ ನಿಂತು ಕೇಳಿದ ಪ್ರಶ್ನೆಗಳ ಬಗ್ಗೆ ಕೇಳಿದಾಗ, “ಅದು ನಮ್ಮ ತಪ್ಪು” ಎಂದಷ್ಟೇ ಹೇಳಿದರು. ಈಗ ಅಂಥ ಪ್ರಶ್ನೆಗಳನ್ನು ಒಳಗೆ ಕುಳಿತು, ಹೆಂಗಸರಿಗೆ ಹೆಂಗಸರೇ ಕೇಳುತ್ತಾರೆ.

ಫಾರಮಿಗೆ ಹೊಸ ಪ್ರಶ್ನೆಯೊಂದು ಸೇರಿದೆ: ‘ಮನೆಯಲ್ಲಿ ಕಂಬಳಿ ಝಾಡಿಸಿ ಆರಿಸುವವರು ಯಾರು?’ ಗದಿಗೆವ್ವ ಅರವತ್ತನಾಲ್ಕು ಮನೆಗಳಿಗೂ ಮತ್ತೆ ಹೋದರು. ಮೊದಲು ‘ಇಲ್ಲ’ ಎಂದಿದ್ದ ಐವತ್ತೆರಡು ಹೆಂಗಸರಲ್ಲಿ ನಲವತ್ತೊಂದು ಮಂದಿ ತಾವೇ ಆರಿಸುವುದಾಗಿ ಹೇಳಿದರು. ಪ್ರತಿ ಮನೆಗೂ ಅವರು ಒಂದೊಂದು ಚಿಮಟ ಕೊಟ್ಟು, ಕಂಬಳಿಯನ್ನು ಬಿಸಿಲಿಗೆ ಹಾಕಿ ಕೂಸುಗಳನ್ನು ದೂರ ಇಡಿ ಎಂದು ಹೇಳಿ ಬಂದಿದ್ದಾರೆ. ವರದಿಯಲ್ಲಿ ನಿಮ್ಮ ಹೆಸರು ಬರುತ್ತದೆಯೇ ಎಂದರೆ, “ಬರ್ಲಿ ಬಿಡ್ಲಿ. ಆ ಪ್ರಶ್ನಿ ನಂದು” ಎನ್ನುತ್ತಾರೆ.

ಉಳಿದಿರುವುದು ಗುಡದಪ್ಪನ ಮನೆ. ರೇಣುಕವ್ವನನ್ನು ಕರೆಸಿಕೊಳ್ಳಿ ಎಂದು ಹೇಳಲು ಗದಿಗೆವ್ವ ಅಲ್ಲಿಗೆ ಮೂರು ಸಲ ಹೋಗಿದ್ದಾರೆ. ಈ ಬುಧವಾರ ಸಂಜೆ ನಾಲ್ಕನೆಯ ಸಲ.

ಚೌಡವ್ವ ಪಡಸಾಲೆಯಲ್ಲಿ ಕಾಲು ಚಾಚಿ ಕುಳಿತಿದ್ದಾಳೆ. ಗುಡದಪ್ಪ ಗೋಡೆಗೆ ಒರಗಿ ಮೊಣಕಾಲು ಒತ್ತಿಕೊಳ್ಳುತ್ತಿದ್ದಾನೆ.

“ಬಂದೇನವಾ ಉಣ್ಣಿಬಾಯಿ? ಇವತ್ತ ಎಷ್ಟು ಹಿಡದಿ?” ಎನ್ನುತ್ತಾಳೆ ಚೌಡವ್ವ.

“ಇವತ್ತ ಉಣ್ಣಿ ಹಿಡಿಯಾಕ ಬಂದಿಲ್ಲ ಯವ್ವಾ. ನಿನ್ನ ಕಾಲ ಹಿಡಿಯಾಕ ಬಂದೇನಿ.”

“ನನ್ನ ಕಾಲ ಬ್ಯಾಡ. ನಿಮ್ಮ ಡಾಕ್ಟರಬಾಯಿ ಕಡಿಂದ ಬರಸ್ಕೊಂಡ ಬಾ. ಹೇಂತಿಯಿಂದ ಗಂಡಗ ಬರಂಗಿಲ್ಲ ಅಂತ ಸೈ ಮಾಡಿ ಶಿಕ್ಕಾ ಹೊಡದು ಕೊಡ್ಲಿ.”

“ಹಂಗ ಬರದ ಕೊಡಾಕ ಬರಂಗಿಲ್ಲ. ಪೂರ್ತಿ ಅವರಿಗೂ ಇನ್ನಾ ಗೊತ್ತಿಲ್ಲ.”

“ಗೊತ್ತಿಲ್ಲದಾವ್ರು ಮನಿಮನಿಗೆ ಜೀಪ ತಗೊಂಡ ಯಾಕ ಬರ್ತೀರಿ?”

“ಗೊತ್ತ ಮಾಡ್ಕೊಳ್ಳಾಕ.”

ಗುಡದಪ್ಪ ನಗಲು ಹೋಗಿ, ತಾಯಿಯ ಮುಖ ನೋಡಿ ಮತ್ತೆ ಮೊಣಕಾಲು ಒತ್ತಿಕೊಳ್ಳುತ್ತಾನೆ. ಚೌಡವ್ವನ ದನಿ ಇಳಿಯುತ್ತದೆ. “ಇವನ ಮೊಣಕಾಲ ನೋಡು. ಎದ್ದು ನಿಂದ್ರಾಕ ಗ್ವಾಡಿ ಹಿಡೀತಾನ. ಮತ್ತ ಬಿದ್ದಾ ಅಂದ್ರ ಕುರಿ ಹಿಂದ ಯಾರ ಹೋಗಬೇಕು? ನನಗ ಸೊಸಿ ಮ್ಯಾಲ ಸಿಟ್ಟಿಲ್ಲ. ಅಂಜಿಕಿ ಐತಿ.”

“ಅಂಜಿಕಿ ಹಚ್ಚಿದಾಕಿ ನಾ” ಎನ್ನುತ್ತಾರೆ ಗದಿಗೆವ್ವ. ಚೀಲದಿಂದ ಹಳೆಯ ಫಾರಮಿನ ನಕಲು ತೆಗೆದು ನೆಲದ ಮೇಲೆ ಇಡುತ್ತಾರೆ. “ಇಲ್ಲಿ ನೋಡು. ಇದು ಇಲ್ಲ, ಇದೂ ಇಲ್ಲ. ಎರಡೂ ನಾ ಬರದದ್ದು. ಸರಿಯಾಗಿ ಕೇಳಿದ್ದರ ಹೌದು ಅಂತ ಬರೀತಿದ್ನಿ. ಜೀಪ ಮೂರ್ ಸಲ ನಿಮ್ಮ ಬಾಗಲಿಗೆ ಬರ್ತಿದ್ದಿಲ್ಲ. ತಪ್ಪು ನಂದು, ಆಕೀದಲ್ಲ. ಇವನ ಕಂಬಳಿ ಆರಿಸಿದ್ದಕ್ಕ ಆಕಿಗೆ ಬಂದಿರ್ಬೇಕು.”

ಚೌಡವ್ವನಿಗೆ ಓದಲು ಬರುವುದಿಲ್ಲ. ಆದರೂ ಕಾಗದವನ್ನು ಕೈಗೆತ್ತಿಕೊಂಡು ನೋಡುತ್ತಾಳೆ. ಮಗನಿಗೆ ಕೊಡುತ್ತಾಳೆ. ಅವನು ನೋಡಿ ಮಡಿಚುತ್ತಾನೆ, ಇನ್ನೊಮ್ಮೆ ಮಡಿಚುತ್ತಾನೆ.

ಗದಿಗೆವ್ವ ಎದ್ದು ಸೆರಗು ಸರಿಮಾಡಿಕೊಳ್ಳುತ್ತಾರೆ. ಹೊಸ್ತಿಲ ಹತ್ತಿರ ನಿಂತು ಇಬ್ಬರಿಗೂ ಕೇಳುವಂತೆ ಹೇಳುತ್ತಾರೆ.

“ಕೂಸು ನಡಿಯಾಕ ಹತ್ತೇತಿ. ನಾಳೆ ಮುಂಜಾನಿ ಬಸ್ಸಿಗೆ ಹೋಗಿ ಅವರಿಬ್ಬರನ್ನೂ ಕರಕೊಂಡ ಬರ್ರಿ.”

ಚೌಡವ್ವ ಅಂಗಳದ ಕಡೆ ನೋಡುತ್ತಾಳೆ. ಗುಡದಪ್ಪ ತಾಯಿಯ ಕಡೆ ನೋಡುತ್ತಾನೆ. ಒಬ್ಬರಾದರೂ ‘ಹೂಂ’ ಎನ್ನಲಿ ಎಂದು ಗದಿಗೆವ್ವ ಕೊನೆಯ ಬಸ್ಸಿನ ಹಾರ್ನ್ ಕೇಳುವವರೆಗೂ ಅಲ್ಲಿಯೇ ನಿಂತಿರುತ್ತಾರೆ.