ಹುಲ್ಲು ತುಳಿಯದ ಹಕ್ಕಿ

ಬೆಳಕು ಹರಿಯುವ ಹೊತ್ತಿಗೆ ಸೆನಿಮಿಲಿ ಮೊಣಕಾಲುದ್ದ ಕೆಸರಿನಲ್ಲಿದ್ದಾರೆ. ದ್ವೀಪನಾಡಿನ ರಾಜಧಾನಿ ಸುವಾ ಪಕ್ಕದ ಈ ಕೊಲ್ಲಿಯಲ್ಲಿ ನೀರಿಳಿದಾಗ ಕಾಲ್ಬೆರಳಲ್ಲೇ ತಡಕಿ ಕೈಕೋಸೊ ಚಿಪ್ಪು ಹೆಕ್ಕುವುದು ಅವರ ಮೂವತ್ತು ವರ್ಷದ ಕಸುಬು. ದಿನಕ್ಕೆ ಎರಡು ಬುಟ್ಟಿ. ಸೊಂಟ ಹಿಡಿದುಕೊಂಡರೂ ಭಾನುವಾರ ಬಿಟ್ಟು ರಜೆಯಿಲ್ಲ. ಊರಿಗೆಲ್ಲ ಅವರು ಬುಬು, ಅಜ್ಜಿ.

ಇಂದು ಪಕ್ಕದಲ್ಲೇ, ಪಟ್ಟಣದಿಂದ ಹಕ್ಕಿ ಎಣಿಸಲು ಬಂದ ಇಲಾಇಸಾ ಒದ್ದಾಡುತ್ತಿದ್ದಾರೆ. ಅವರ ಒಂದು ಚಪ್ಪಲಿ ಆಗಲೇ ಕೆಸರಿನ ಪಾಲಾಗಿದೆ.

ಈ ಊರಲ್ಲಿ ದಿಲಿಯೋ ಹಕ್ಕಿ ಎಣಿಸುವುದು ಭರತದ ಹೊತ್ತಿನಲ್ಲಿ, ರಗ್ಬಿ ಮೈದಾನದಲ್ಲಿ. ನೀರೇರಿದರೆ ಹೊನ್ನ ಚುಕ್ಕೆಯ ದಿಲಿಯೋಗಳೆಲ್ಲ ಹುಲ್ಲಿಗೆ ಬರುತ್ತವೆ, ಎಣಿಸುವವರ ಕಾಲೂ ಒದ್ದೆಯಾಗುವುದಿಲ್ಲ. ಆದರೆ ಸೆನಿಮಿಲಿಯವರದು ಏಳು ವರ್ಷದಿಂದ ಒಂದೇ ಹಟ. ಕೆಸರಲ್ಲಿ ಇನ್ನೊಂದು ಜಾತಿಯೂ ಇದೆ, ತಲೆ ದೊಡ್ಡದು, ಕೊಕ್ಕು ದಪ್ಪ, ಮೈ ಬೂದು, ಅದು ಹುಲ್ಲು ತುಳಿಯುವುದೇ ಇಲ್ಲ! ಕೇಳಿದವರೆಲ್ಲ ನಕ್ಕಿದ್ದಾರೆ. ಗಂಡ ಆಪಿಸಾಯಿಯಂತೂ ಯಂಗೋನಾ ಬೇರಿನ ಪಾನಕ ಕುಡಿಯಲು ಕೂತಲ್ಲೆಲ್ಲ ಇದನ್ನೇ ಹೇಳಿ ನಗಿಸಿದ್ದಾರೆ. ಎಣಿಕೆಗೆ ಇಂದೇ ಕೊನೆಯ ದಿನ, ಅದಕ್ಕೇ ಇಲಾಇಸಾರನ್ನು ಕೆಸರಿಗೆ ಎಳೆತಂದಿದ್ದಾರೆ. ಪಟ್ಟಿಯಲ್ಲಿ ಒಂದೇ ಜಾತಿ ಬಿದ್ದರೆ ಸೆನಿಮಿಲಿಯವರ ಮಾತು ಊರಿನ ನಗೆಪಾಟಲಾಗಿಯೇ ಉಳಿಯುತ್ತದೆ.

"ಸ್ನಾನ ಮಾಡದ ದಿಲಿಯೋ ಇರ್ಬೇಕು, ಬುಬು," ಎಂದು ಇಲಾಇಸಾ ಕೆಣಕುತ್ತಾರೆ.

"ಸುಮ್ನಿರು ಮಗಾ. ನೀರು ಬರ್ಲಿ. ರೆಕ್ಕೆ ಎತ್ತಿದಾಗ ಕಂಕುಳು ನೋಡು."

ನೀರು ಏರುತ್ತದೆ. ಹಿಂಡು ಒಟ್ಟಿಗೇ ಮೇಲೇಳುತ್ತದೆ. ದಿಲಿಯೋಗಳು ಮೈದಾನದ ಕಡೆ ಹೊರಳುತ್ತವೆ, ಅವುಗಳ ಕಂಕುಳು ಮಾಸಲು ಬಣ್ಣದ್ದು. ಮೂರು ಹಕ್ಕಿಗಳು ಮಾತ್ರ ಹಳೇ ಕಲ್ಲಿನ ಒಡ್ಡಿನತ್ತ ತಿರುಗುತ್ತವೆ. ಮೂರಕ್ಕೂ ಕಂಕುಳಲ್ಲಿ ಕಾಡಿಗೆ ಬಳಿದಂಥ ಕಪ್ಪು. ಇಲಾಇಸಾ ದುರ್ಬೀನು ಇಳಿಸಿ ಕಣ್ಣೊರೆಸಿಕೊಂಡು ಮತ್ತೆ ನೋಡುತ್ತಾರೆ. ಆಮೇಲೆ ಇನ್ನೊಂದು ಚಪ್ಪಲಿಯನ್ನೂ ಕೆಸರಿಗೇ ಬಿಟ್ಟು ದಡಕ್ಕೆ ಓಡುತ್ತಾರೆ.

ಮಧ್ಯಾಹ್ನ ಊರ ಮುಖಂಡರು ಪಟ್ಟಿ ಓದುತ್ತಾರೆ. ದಿಲಿಯೋ, ಇನ್ನೂರ ಹದಿನಾರು. ಬೂದು ಪ್ಲೋವರ್, ಮೂರು. ಕಂಡವರು, ಸೆನಿಮಿಲಿ. ಮುಖ್ಯರಿಗೆ ಸಲ್ಲುವ ಯಂಗೋನಾದ ಮೊದಲ ತೆಂಗಿನ ಚಿಪ್ಪು ಅವರ ಕೈಗೇ ಬರುತ್ತದೆ. ಅವರು ಕುಡಿದು ಮುಗಿಸಿದಾಗ ಎಲ್ಲರಿಗಿಂತ ಜೋರಾಗಿ ಚಪ್ಪಾಳೆ ತಟ್ಟುವವರು ಆಪಿಸಾಯಿ. ಏಳು ವರ್ಷ ನಗಿಸಿದವರ ಕಣ್ಣು ಇಂದು ತುಂಬಿದೆ. ನೋಡಿದವರಿಗೂ ಖುಷಿಯೋ ಖುಷಿ.

ಮುಂದಿನ ವರ್ಷ ಮೈದಾನದ ಎಣಿಕೆಗೆ ನೀವೇ ಮುಂದಾಳು ಎಂದು ಮುಖಂಡರು ಕರೆಯುತ್ತಾರೆ. ಸೆನಿಮಿಲಿ ಬುಟ್ಟಿ ಎತ್ತಿಕೊಳ್ಳುತ್ತಾರೆ.

"ಮೈದಾನಕ್ಕೆ ನಾನ್ಯಾಕೆ ಬರ್ಲಿ? ನೀವೇ ಕೆಸರಿಗೆ ಬನ್ನಿ. ಚಪ್ಪಲಿ ಮನೇಲೇ ಬಿಟ್ಟು ಬನ್ನಿ."