ಕಸ ತಿನ್ನುವ ಆಮೆ

ನಾವು ಹೊಸೂರಿಗೆ ಬಂದು ಮನೆ ಮಾಡಿದಾಗ ನನ್ನ ಗಂಡನಿಗೆ ಒಂದು ಕಾರ್ಖಾನೆಯಲ್ಲಿ ಯಂತ್ರಗಳ ರಿಪೇರಿ ವಿಭಾಗದಲ್ಲಿ ಕೆಲಸ, ನನಗೆ ಬಸ್ ಸ್ಟ್ಯಾಂಡಿನ ಹತ್ತಿರದ ಒಂದು ಖಾಸಗಿ ಲ್ಯಾಬಿನಲ್ಲಿ ಕೆಲಸ. ರಕ್ತ, ಮೂತ್ರ, ಮಲ, ಕಫ, ಊರಿನವರ ಹೊಟ್ಟೆಯೊಳಗಿನದೆಲ್ಲ ಸಣ್ಣ ಸಣ್ಣ ಡಬ್ಬಿಗಳಲ್ಲಿ ನನ್ನ ಮೇಜಿಗೆ ಬರುತ್ತಿತ್ತು. ಗಾಜಿನ ಮೇಲೆ ಸವರಿ, ಮೈಕ್ರೋಸ್ಕೋಪಿನಲ್ಲಿ ನೋಡಿ, ಕೈ ತೊಳೆದುಕೊಂಡು ಪಕ್ಕದ ಕೋಣೆಯಲ್ಲಿ ಚಿತ್ರಾನ್ನದ ಡಬ್ಬಿ ಬಿಚ್ಚಿ ಉಣ್ಣುತ್ತಿದ್ದೆ. ನಾನು ಸುಮ್ಮಸುಮ್ಮನೆ ಮೂಗು ಮುರಿಯುವವಳಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಯಾಕೆಂದರೆ ಆ ಯಂತ್ರ ಮನೆಯಲ್ಲಿದ್ದಷ್ಟು ಕಾಲ ನನಗೆ ನೆಟ್ಟಗೆ ಊಟ ಸೇರಲಿಲ್ಲ.

ಅದು ಬಂದದ್ದು ಹೀಗೆ. ಕಾರ್ಖಾನೆಗೆ ಹೊಸ ಯಂತ್ರ ಕೂರಿಸಲು ಬಂದಿದ್ದ ವಿದೇಶಿ ಎಂಜಿನಿಯರ್ ಒಬ್ಬರು ಕೆಲಸ ಮುಗಿಸಿ ತಮ್ಮ ದೇಶಕ್ಕೆ ಹೊರಟರು. ಹೊರಡುವಾಗ ಮನೆಯ ಸಾಮಾನನ್ನೆಲ್ಲ ಜೊತೆಯಲ್ಲಿ ದುಡಿದವರಿಗೆ ಹಂಚಿದರು. ಒಬ್ಬರಿಗೆ ಮಿಕ್ಸಿ, ಒಬ್ಬರಿಗೆ ಕುರ್ಚಿ, ನನ್ನ ಗಂಡನಿಗೆ ತಾನೇ ಓಡಾಡಿ ಕಸ ಗುಡಿಸುವ ರೋಬೋ. ಆಗಿನ್ನೂ ಹೊಸೂರಿನಲ್ಲಿ ಅಂಥದ್ದನ್ನು ಕಣ್ಣಿಂದ ಕಂಡವರೇ ಇರಲಿಲ್ಲ. ದೋಸೆ ಹೆಂಚಿನಷ್ಟು ಅಗಲ, ದುಂಡಗೆ, ಬೂದು ಬಣ್ಣ. ಅದರ ದೇಶದ ಕರೆಂಟೇ ಬೇರೆಯಾದ್ದರಿಂದ ಚಾರ್ಜ್ ಮಾಡುವುದಕ್ಕೆ ಇಟ್ಟಿಗೆ ಗಾತ್ರದ ಟ್ರಾನ್ಸ್‌ಫಾರ್ಮರ್ ಒಂದನ್ನೂ ಇವರು ಹೊತ್ತು ತಂದರು. ಅದು ಮೂಲೆಯಲ್ಲಿ ಕೂತು ಸದಾ ಗುಂಯ್ ಎನ್ನುತ್ತಿತ್ತು.

ನನ್ನ ಗಂಡ ರೋಬೋವನ್ನು ನಡುಮನೆಯಲ್ಲಿ ಇಟ್ಟು ಗುಂಡಿ ಒತ್ತಿದರು. ಅದು ಕೀಂಯ್ ಎಂದು ಕೂಗಿ ಹೊರಟಿತು. ಗೋಡೆಗೆ ಡಿಕ್ಕಿ ಹೊಡೆಯಿತು, ತಿರುಗಿತು, ಮೇಜಿನ ಕಾಲಿಗೆ ಗುದ್ದಿತು, ಮತ್ತೆ ತಿರುಗಿತು.

"ನೋಡೇ, ತಾಕಿದ್ ತಕ್ಷಣ ಎಂಗೆ ತಿರುಗ್ಕೊಳ್ತದೆ! ಇನ್ಮೇಲೆ ನೀನು ಪೊರಕೆ ಮುಟ್ಟಂಗಿಲ್ಲ" ಎಂದರು.

ಅತ್ತೆ ಮಂಚದ ಮೇಲೆ ಕಾಲು ಮೇಲೆಳೆದುಕೊಂಡು ಕೂತಿದ್ದರು. "ಇದೇನ್ಲಾ ಇದು, ಆಮೆ ಇದ್ದಂಗೈತೆ. ಕಸ ತಿಂತದಾ?"

"ತಿಂತದೆ ಕಣಮ್ಮ."

"ತಿಂದಿದ್ದನ್ನ ಎಲ್ಲಿ ಕಕ್ತದೆ?"

ಆ ಪ್ರಶ್ನೆಗೆ ಅವರ ಮಗ ನಕ್ಕುಬಿಟ್ಟರು. ಉತ್ತರ ಸಿಕ್ಕಿದ್ದು ನನಗೆ, ಅದೇ ದಿನ ಸಂಜೆ. ಯಂತ್ರ ನಿಂತ ಮೇಲೆ ಹಿಂಭಾಗದ ಡಬ್ಬಿಯನ್ನು ಎಳೆದೆ. ಒಳಗೆ ನಮ್ಮ ಮನೆಯ ಕಸಕ್ಕಿಂತ ಮೊದಲು ಆ ಎಂಜಿನಿಯರ್ ಮನೆಯ ಕಸ ಇತ್ತು. ಹೊಂಬಣ್ಣದ ಕೂದಲು, ನಾಯಿಯ ರೋಮ, ಕತ್ತರಿಸಿದ ಉಗುರಿನ ಚೂರುಗಳು, ಯಾವುದೋ ತಿಂಡಿಯ ಪುಡಿ, ಎಲ್ಲವೂ ಒತ್ತಿಕೊಂಡು ಬೂದು ಬಣ್ಣದ ಒಂದು ಕಂಬಳಿಯ ತುಂಡಿನ ಹಾಗಾಗಿತ್ತು. ಕೆಳಗಿನ ಬ್ರಷ್ಷಿನ ಉರುಳೆಗೆ ಉದ್ದ ಕೂದಲು ಬಿಗಿಯಾಗಿ ಸುತ್ತಿಕೊಂಡಿತ್ತು, ಅದರ ಮೇಲೆ ನನ್ನ ಕಪ್ಪು ಕೂದಲು, ಅದರ ಮೇಲೆ ಅತ್ತೆಯ ಬಿಳಿ ಕೂದಲು. ಕಂಡರಿಯದ ಹೆಂಗಸೊಬ್ಬಳ ತಲೆಗೂದಲಿನೊಂದಿಗೆ ನನ್ನ ಕೂದಲು ಹೆಣೆದುಕೊಂಡಿರುವುದನ್ನು ಕಂಡು ಯಂತ್ರವನ್ನು ದೂರ ತಳ್ಳಿದೆ. ಲ್ಯಾಬಿನಲ್ಲಿ ಪ್ರತಿ ಡಬ್ಬಿಗೂ ಒಂದು ಚೀಟಿ ಇರುತ್ತದೆ. ಯಾರದ್ದು, ಯಾಕೆ ಬಂದಿದೆ ಎಂದು ಗೊತ್ತಿರುತ್ತದೆ. ಇಲ್ಲಿ ಎಲ್ಲರದ್ದೂ ಒಂದೇ ಮುದ್ದೆ.

ಪೊರಕೆಯಲ್ಲಿ ಗುಡಿಸಿದ ಕಸ ಮೊರಕ್ಕೆ ಬರುತ್ತದೆ, ಮೊರದಿಂದ ತಿಪ್ಪೆಗೆ ಹೋಗುತ್ತದೆ, ಅದನ್ನು ಯಾರೂ ನಿಂತು ನೋಡುವುದಿಲ್ಲ. ಈ ಯಂತ್ರ ಮಾತ್ರ ದಿನವೂ ಅದನ್ನು ಕೂಡಿಟ್ಟು ನನ್ನ ಕೈಗೆ ಕೊಡುತ್ತಿತ್ತು. ಹಲ್ಲಿಯ ಹಿಕ್ಕೆ, ಒಣಗಿದ ಅನ್ನದ ಅಗಳು, ಜಿರಳೆಯ ಕಾಲು, ಒಮ್ಮೆ ಇನ್ನೂ ಮೀಸೆ ಅಲ್ಲಾಡಿಸುತ್ತಿದ್ದ ಅರ್ಧ ಜಿರಳೆ. ಎರಡು ಹೊತ್ತು ಒರೆಸುತ್ತಿದ್ದ ನನ್ನ ಮನೆ ಇಷ್ಟು ಕೊಳಕೇ ಎಂದು ನನಗೇ ನಾಚಿಕೆಯಾಗುತ್ತಿತ್ತು.

ಡಬ್ಬಿ ಖಾಲಿ ಮಾಡುವ ಕೆಲಸ ನನ್ನದೆಂದು ಯಾರೂ ತೀರ್ಮಾನಿಸಿರಲಿಲ್ಲ, ಆದರೆ ನನ್ನದೇ ಆಯಿತು. ಗುಂಡಿ ಒತ್ತುವುದು ಅವರದ್ದು. ಭಾನುವಾರ ಬಂತೆಂದರೆ ಪಕ್ಕದ ಮನೆಯವರನ್ನು, ಕಾರ್ಖಾನೆಯ ಗೆಳೆಯರನ್ನು ಕರೆದು ತೋರಿಸುವರು. ಪಕ್ಕದ ಮನೆಯ ತಮಿಳು ಅಕ್ಕ ಬಾಗಿಲಲ್ಲೇ ನಿಂತು, "ಅಯ್ಯೋ, ತಾನಾಗೇ ತಿರುಗುತ್ತೆ, ಪಾರು, ನೋಡು!" ಎಂದು ಬಾಯಿಯ ಮೇಲೆ ಕೈ ಇಟ್ಟುಕೊಂಡರೆ ಇವರ ಮುಖ ಅರಳುವುದು. ಬಂದವರು ಕಾಫಿ ಕುಡಿದು ಹೋದ ಮೇಲೆ ನಾನು ಹಿತ್ತಲಿನಲ್ಲಿ ಕೂತು ಹಳೆಯ ಬ್ಲೇಡಿನಿಂದ ಉರುಳೆಯ ಕೂದಲು ಕತ್ತರಿಸಬೇಕು.

ಒಂದು ದಿನ ಕೇಳಿಯೇಬಿಟ್ಟೆ. "ಇವತ್ತೊಂದು ದಿವ್ಸ ನೀವು ತೆಗೀರಿ. ನನಗೆ ವಾಕರಿಕೆ ಬರ್ತದೆ."

ಅವರು ಪೇಪರಿನಿಂದ ತಲೆ ಎತ್ತಲಿಲ್ಲ. "ನಿಂಗೇನು ಹೊಸ್ದಾ? ದಿನಾ ಲ್ಯಾಬ್‌ನಲ್ಲಿ ಮಾಡೋದು ಅದೇ ತಾನೆ? ನಿಂಗೆ ಅಭ್ಯಾಸ ಐತಲ್ಲ. ನಂಗಾಗಲ್ಲಪ್ಪ, ಅಸಯ್ಯ."

ನಾನು ಡಬ್ಬಿ ಎತ್ತಿಕೊಂಡು ಹಿತ್ತಲಿಗೆ ಹೋದೆ. ಹೇಸಿಗೆಪಡುವ ಹಕ್ಕು ಮನೆಯಲ್ಲಿ ಒಬ್ಬರಿಗೇ ಇದ್ದ ಹಾಗಾಯಿತು.

ಅತ್ತೆಯ ವಿಷಯವನ್ನು ಇಲ್ಲಿ ಹೇಳಬೇಕು. ಅವರಿಗೆ ಬಹಳ ವರ್ಷಗಳಿಂದ ಎಲೆ ಅಡಿಕೆ ಹೊಗೆಸೊಪ್ಪಿನ ಚಟ. ಬಾಯಿಹುಣ್ಣೆಂದು ತೋರಿಸಲು ಹೋದಾಗ ಡಾಕ್ಟರು ಬೈದು ಹೊಗೆಸೊಪ್ಪು ಬಿಡಬೇಕೆಂದಿದ್ದರು. ಅತ್ತೆ ನಮ್ಮೆದುರಿಗೆ ಎಲೆಚೀಲವನ್ನು ಒಲೆಗೆ ಹಾಕಿದ್ದರು. ಮಗ ಅದನ್ನು ನಂಬಿದ್ದರು. ನಾನು ಅಷ್ಟಾಗಿ ನಂಬಿರಲಿಲ್ಲ, ಅವರ ಕೋಣೆಯಲ್ಲಿ ಆ ಘಾಟು ಇನ್ನೂ ಇತ್ತು. ಆದರೆ ವಯಸ್ಸಾದವರ ಮಂಚದ ಕೆಳಗೆ ಇಣುಕಿ ನೋಡುವ ಮನಸ್ಸಾಗಲಿಲ್ಲ.

ಒಂದು ಭಾನುವಾರ ಬಾಗಲೂರಿನಲ್ಲಿ ಇವರ ಗೆಳೆಯರೊಬ್ಬರ ಗೃಹಪ್ರವೇಶ. ಅತ್ತೆ ಟೀವಿ ನೋಡಲು ಪಕ್ಕದ ಮನೆಗೆ ಹೋದರು. ನಾವು ಹೊರಡುವಾಗ ನನ್ನ ಗಂಡ ಎಲ್ಲ ಕೋಣೆಗಳ ಬಾಗಿಲು ತೆರೆದು, ಯಂತ್ರದ ಗುಂಡಿ ಒತ್ತಿ, "ನಾವು ಉಂಡ್ಕೊಂಡು ಬರೋ ಹೊತ್ಗೆ ಮನೆ ಕನ್ನಡಿ ಆಗಿರ್ತದೆ" ಎಂದು ಬೀಗ ಹಾಕಿದರು.

ಹೋಳಿಗೆ ಊಟ ಮುಗಿಸಿ ಬಂದು ಬಾಗಿಲು ತೆಗೆದರೆ ಮೊದಲು ಹೊಡೆದದ್ದು ವಾಸನೆ. ಹುಳಿ, ಘಾಟು, ಕೊಳೆತ ಎಲೆ, ಎಂಜಲು. ಆಮೇಲೆ ನೆಲ ಕಂಡಿತು. ನಮ್ಮದು ಬಿಳಿ ಟೈಲ್ಸಿನ ನೆಲ. ಅದರ ಮೇಲೆ ಕೆಂಪು ಕಂದು ಬಣ್ಣದ ಗಾಲಿಯ ಗೆರೆಗಳು ಬಾಗಿಲಿನಿಂದ ಅಡುಗೆಮನೆಯವರೆಗೆ, ಅಡುಗೆಮನೆಯಿಂದ ದೇವರ ಗೂಡಿನ ಮುಂದಿನವರೆಗೆ, ಒಂದರ ಮೇಲೊಂದು, ಸುತ್ತಿ ಸುತ್ತಿ ಹಾದುಹೋಗಿದ್ದವು. ಬ್ರಷ್ಷು ಎರಚಿದ ಹನಿಗಳು ಗೋಡೆಯ ಬುಡದಲ್ಲೆಲ್ಲ ಸಿಡಿದಿದ್ದವು. ಅಗಿದ ಅಡಿಕೆಯ ನಾರು ಅಲ್ಲಲ್ಲಿ ಅಂಟಿಕೊಂಡಿತ್ತು. ಒಂದು ಲೋಳೆಯ ಎಳೆ ಅಕ್ಕಿ ಡಬ್ಬವಿಟ್ಟ ಮಣೆಯ ಕಾಲಿನಿಂದ ಜೋತಾಡುತ್ತಿತ್ತು.

ಅತ್ತೆಯ ಮಂಚದ ಕೆಳಗೆ ಹಾಲಿನ ಪುಡಿಯ ಹಳೆಯ ಡಬ್ಬವೊಂದು ಬಿದ್ದಿತ್ತು. ಅವರು ಅದರಲ್ಲಿ ಉಗಿದು ಉಗಿದು ಎಷ್ಟೋ ದಿನದಿಂದ ತುಂಬಿಸಿಟ್ಟಿದ್ದರು. ಯಂತ್ರ ಅದನ್ನು ಗುದ್ದಿ ಉರುಳಿಸಿ, ಅದರೊಳಗೇ ಹೊರಳಾಡಿ, ಆ ಮೈಯಲ್ಲೇ ಮನೆಯನ್ನೆಲ್ಲ ಸುತ್ತಿತ್ತು. ಬಚ್ಚಲ ಬಾಗಿಲಲ್ಲಿ ಸಿಕ್ಕಿಕೊಂಡು ಇನ್ನೂ ಕೀಂಯ್ ಕೀಂಯ್ ಎನ್ನುತ್ತಿತ್ತು.

ನಾನು ಹೊರಗೋಡಿ ತಿಂದ ಹೋಳಿಗೆಯನ್ನೆಲ್ಲ ಮೋರಿಯ ಪಕ್ಕದಲ್ಲಿ ಕಕ್ಕಿದೆ.

ಬಾಯಿ ಮುಕ್ಕಳಿಸಿ ಒಳಗೆ ಬಂದಾಗ ನೋಡಿದ್ದನ್ನು ಇವತ್ತಿಗೂ ಮರೆತಿಲ್ಲ. ನನ್ನ ಗಂಡ ನಡುಮನೆಯಲ್ಲಿ ಒಂದು ಪೇಪರ್ ಹಾಸಿ, ಯಂತ್ರವನ್ನು ಮಗುಚಿ ಮಲಗಿಸಿ, ಅದರ ಮುಂದೆ ಚಕ್ಕಳಮಕ್ಕಳ ಹಾಕಿ ಕೂತಿದ್ದರು. ಒಂದು ಹಳೆಯ ಟೂತ್ ಬ್ರಷ್, ಹತ್ತಿ, ನಾನು ಲ್ಯಾಬಿನಿಂದ ತಂದಿಟ್ಟಿದ್ದ ಸ್ಪಿರಿಟ್ ಬಾಟಲಿ. ಗಾಲಿಯ ಸಂದಿಯಿಂದ ಅಡಿಕೆಯ ನಾರನ್ನು ಬೆರಳಿನಿಂದ ಮೆಲ್ಲಗೆ ಎಳೆದು ತೆಗೆಯುತ್ತಿದ್ದರು. ಕೂಸಿನ ಕಿವಿ ಒರೆಸುವಷ್ಟು ನಾಜೂಕು. ಮೂಗು ಮುಚ್ಚಿಕೊಂಡಿರಲಿಲ್ಲ, ಮುಖ ಕಿವುಚಿರಲಿಲ್ಲ. ಸುತ್ತ ನೆಲವೆಲ್ಲ ಹಾಗೇ ಇತ್ತು.

"ಒಳಕ್ಕೆ ಹೋಗ್ಬುಟ್ಟಿದ್ರೆ ಮೋಟಾರು ಸುಟ್ಟೋಗೋದು" ಎಂದರು. ಆಮೇಲೆ ತಲೆ ಎತ್ತದೆ, "ನೀನು ನೆಲ ಒರೆಸ್ಕೊಂಡ್ ಬಾ, ಒಣಗಿದ್ರೆ ಹೋಗಲ್ಲ."

ಅಲ್ಲಿಯವರೆಗೆ ಯಂತ್ರದ ಮೇಲಿದ್ದ ಹೇಸಿಗೆಯೆಲ್ಲ ಆ ಕ್ಷಣ ಅವರ ಮೇಲೆ ತಿರುಗಿತು. ಅವರಿಗೆ ಅಸಹ್ಯವೇನೂ ಆಗುತ್ತಿರಲಿಲ್ಲ. ಎಂದೂ ಆಗಿರಲಿಲ್ಲ ಎನ್ನಿಸಿತು.

ಅಷ್ಟರಲ್ಲಿ ಅತ್ತೆ ಪಕ್ಕದ ಮನೆಯಿಂದ ಬಂದರು. ನೆಲ ನೋಡುತ್ತಲೇ ಅವರಿಗೆ ಎಲ್ಲವೂ ತಿಳಿಯಿತು. ಸೆರಗು ಸೊಂಟಕ್ಕೆ ಸಿಕ್ಕಿಸಿ, ಬಟ್ಟೆ ಬಕೆಟ್ಟು ತಂದು, ನೋಯುವ ಮಂಡಿಯನ್ನು ಹೇಗೋ ಮಡಚಿ ನೆಲಕ್ಕೆ ಕೂರಲು ಹೋದರು. ಮಗ ಗಾಲಿ ತಿಕ್ಕುತ್ತಲೇ ಇದ್ದರು.

ನಾನು ಅತ್ತೆಯ ಕೈಯಿಂದ ಬಟ್ಟೆ ಕಿತ್ತುಕೊಂಡೆ. "ಏಳಿ ಅತ್ತೆ. ನೀವೂ ಒರೆಸೋದು ಬೇಡ, ನಾನೂ ಒರೆಸಲ್ಲ. ಗುಮ್ಮಳಾಪುರಕ್ಕೆ ಹೋಗಿ ಬರೋಣ ನಡೀರಿ."

ಗುಮ್ಮಳಾಪುರದಲ್ಲಿ ಅತ್ತೆಯ ತಂಗಿ ಇದ್ದರು. ನನ್ನ ಗಂಡ ಆಗ ತಲೆ ಎತ್ತಿದರು. "ಈಗೆಲ್ಲಿಗೆ? ಇದನ್ನೆಲ್ಲ ಯಾರು ಮಾಡ್ತಾರೆ?"

"ನಿಮ್ಮ ಕೈ ಹೇಗೂ ಕೊಳೆ ಆಗೈತಲ್ಲ" ಎಂದೆ.

ಬಸ್ಸಿನಲ್ಲಿ ಅತ್ತೆ ಕಿಟಕಿಯ ಪಕ್ಕ ಕೂತರು. ಊರು ದಾಟಿ ಹೊಲಗಳು ಶುರುವಾದ ಮೇಲೆ ಮೆಲ್ಲಗೆ, "ನಿಂಗೆ ನನ್ ಕಂಡ್ರೆ ಅಸಯ್ಯ ಆಯ್ತಲ್ಲಮ್ಮ?" ಎಂದು ಕೇಳಿದರು.

ಸುಳ್ಳು ಹೇಳಲು ಬಾಯಿ ಬರಲಿಲ್ಲ. "ಆಯ್ತು ಅತ್ತೆ" ಎಂದೆ.

ಅವರು ಬೇಜಾರು ಮಾಡಿಕೊಳ್ಳಲಿಲ್ಲ. "ನಂಗೂ ಆಗ್ತಿತ್ತು ಕಣಮ್ಮ. ನಿಮ್ ಮಾವ ಉಗೀತಿದ್ದ ಚೆಂಬು ಮದ್ವೆ ಆದ್ ಮಾರ್ನೆ ದಿನದಿಂದ ನಾನೇ ತೊಳೀತಿದ್ದೆ. ಒಂದೊಂದ್ ದಿನ ಬಾವಿತಾವ್ ಕೂತ್ಕೊಂಡು ಕಕ್ತಿದ್ದೆ. ನಮ್ಮತ್ತೆ ನೋಡಿ ನಗ್ತಿದ್ಲು. ಆಮ್ಯಾಕೆ ನಾನೂ ಎಲೆ ಹಾಕ್ಕೊಳ್ಳಾಕೆ ಸುರು ಮಾಡ್ದೆ. ನನ್ ಬಾಯಾಗಿಂದೂ ಅದ್ರಾಗೇ ಬಿತ್ತಲ್ಲ, ಅಸಯ್ಯ ಹೊಂಟೋಯ್ತು."

ನಾನು ಅವರನ್ನೇ ನೋಡಿದೆ. ಗಂಡನ ಎಂಜಲು ತೊಳೆಯಲಾರದೆ ತನ್ನ ಎಂಜಲನ್ನೂ ಅದಕ್ಕೆ ಬೆರೆಸಿದ ಹೆಂಗಸು. ಆ ಚಟವೇ ಈಗ ಅವರ ಬಾಯಿ ಸುಡುತ್ತಿತ್ತು. ಎಲೆ ಅಡಿಕೆಯ ಕೆಂಪಿಗಿಂತ ಆ ಮಾತು ನನಗೆ ಹೆಚ್ಚು ಹೊಲಸೆನಿಸಿತು. ಅವರ ಮೇಲಿನ ಹೇಸಿಗೆ ಮಾತ್ರ ಅಲ್ಲಿಗೇ ಮುಗಿಯಿತು.

"ನನ್ ಮಗನ್ಗೆ ಉಂಡ ತಟ್ಟೆ ಎತ್ತಾಕೆ ನಾನೇ ಬುಟ್ಟಿಲ್ಲ" ಎಂದು ತಮಗೇ ಹೇಳಿಕೊಂಡರು.

ಗುಮ್ಮಳಾಪುರದಲ್ಲಿ ರಾತ್ರಿ ಉಳಿದು ಮರುದಿನ ಮಧ್ಯಾಹ್ನದ ಮೇಲೆ ಹಿಂದಿರುಗಿದೆವು. ಪಕ್ಕದ ಮನೆಯ ಅಕ್ಕ ಗೇಟಿನಲ್ಲೇ ಹಿಡಿದು ನಿಲ್ಲಿಸಿದರು. ಇವರು ಕೆಲಸಕ್ಕೂ ಹೋಗದೆ ಬೆಳಗಿನಿಂದ ನೆಲ ತಿಕ್ಕಿದರಂತೆ, ನಡುನಡುವೆ ಹಿತ್ತಲಿಗೆ ಬಂದು ವಾಂತಿ ಮಾಡಿದರಂತೆ. "ಪಾವಂ, ಪಾಪ, ಗಂಡಸರಿಗೆ ಇದೆಲ್ಲ ಆಗುತ್ತಾ?" ಎಂದು ಅಕ್ಕ ನನ್ನನ್ನು ತಪ್ಪು ಮಾಡಿದವಳ ಹಾಗೆ ನೋಡಿದರು.

ಮನೆಯೆಲ್ಲ ಫಿನಾಯಿಲ್ ವಾಸನೆ. ಟೈಲ್ಸ್ ಬೆಳ್ಳಗಾಗಿದ್ದವು, ಸಂದಿಯ ಸಿಮೆಂಟು ಮಾತ್ರ ತಿಳಿಗೆಂಪಾಗಿ ಹಾಗೇ ಉಳಿದಿತ್ತು. ನನ್ನ ಗಂಡ ಕುರ್ಚಿಯಲ್ಲಿ ಸೋತು ಕೂತಿದ್ದರು. "ಆಯ್ತಾ ಸಮಾಧಾನ?" ಎಂದರು. ಪಾಪ ಎನ್ನಿಸಿತು, ನಿಜ. ಒಂದು ಲೋಟ ಕಾಫಿ ಮಾಡಿಕೊಡೋಣವೆಂದು ಅಡುಗೆಮನೆಗೆ ಹೋದೆ.

ಒಲೆಯ ಪಕ್ಕದ ಮೊಳೆಯಲ್ಲಿ, ನಾನು ಬಿಸಿ ಪಾತ್ರೆ ಇಳಿಸುವ ಬಟ್ಟೆ ಒದ್ದೆಯಾಗಿ ನೇತಾಡುತ್ತಿತ್ತು. ಅದರ ಅಂಚಿನಲ್ಲಿ ಕೆಂಪು ಕಲೆ. ಅದರಲ್ಲೇ ನೆಲ ಒರೆಸಿ, ಹಿಂಡಿ, ಮತ್ತೆ ಅದರ ಜಾಗಕ್ಕೇ ತಂದು ಹಾಕಿದ್ದರು.

ಇಕ್ಕಳದಲ್ಲಿ ಅದನ್ನು ಹಿಡಿದು ಹೊರಗೆ ಒಯ್ದು ಸೀಮೆಎಣ್ಣೆ ಸುರಿದು ಬೆಂಕಿ ಹಚ್ಚಿದೆ. ಕಾಫಿ ಮಾಡಲಿಲ್ಲ.

ಯಂತ್ರ ಅದಾದ ಮೇಲೂ ಕೆಲವು ತಿಂಗಳು ಓಡಿತು. ಡಬ್ಬಿಯನ್ನು ನಾನು ಮುಟ್ಟಲಿಲ್ಲ, ಅವರೂ ಮುಟ್ಟಲಿಲ್ಲ. ಕಸ ತುಂಬಿ ತುಳುಕಿ, ಹೀರಿದ್ದನ್ನೇ ಮತ್ತೆ ಉದುರಿಸುತ್ತ ಹೋಗುತ್ತಿತ್ತು. ಅದರ ಹಿಂದೆ ನಾನು ಪೊರಕೆ ಹಿಡಿದು ಗುಡಿಸುತ್ತಿದ್ದೆ. ಆಮೇಲೆ ಗಂಟೆಗಟ್ಟಲೆ ಕರೆಂಟು ಹೋಗುವ ಕಾಲ ಬಂತು, ಬ್ಯಾಟರಿ ಸತ್ತಿತು, ಅದಕ್ಕೆ ಹೊಂದುವ ಬ್ಯಾಟರಿ ಬೆಂಗಳೂರಿನಲ್ಲೂ ಸಿಗಲಿಲ್ಲ. ಕಡೆಗೆ ನನ್ನ ಗಂಡ ಅದನ್ನು ಜೂಜುವಾಡಿಯ ಗುಜರಿಯವನಿಗೆ ಹಾಕಿ ಬಂದರು. ಎರಡು ದಿನ ಮುಖ ಸಪ್ಪಗಿತ್ತು.

ಅತ್ತೆ ಹೊಗೆಸೊಪ್ಪು ಬಿಡಲಿಲ್ಲ. ಬಿಡಿಸಲು ನಾನು ಪ್ರಯತ್ನಪಟ್ಟೆ, ಡಾಕ್ಟರ ಹತ್ತಿರ ಮತ್ತೆ ಕರೆದೊಯ್ದೆ, ಬೇಡಿಕೊಂಡೆ. ಆಗದೆ ಹೋದಾಗ ಮುಚ್ಚಳವಿರುವ ಒಂದು ಪಾತ್ರೆ ತಂದು ಮಂಚದ ಪಕ್ಕದಲ್ಲಿ ಎಲ್ಲರಿಗೂ ಕಾಣುವ ಹಾಗೆ ಇಟ್ಟೆ. ಇನ್ನು ಕದ್ದು ಉಗಿಯುವುದು ಬೇಡ, ದಿನಾ ಬೆಳಿಗ್ಗೆ ಇದನ್ನು ನಿಮ್ಮ ಮಗ ಚೆಲ್ಲಿ ತೊಳೆದಿಡುತ್ತಾರೆ ಎಂದೆ. ನನ್ನ ಗಂಡ ಹೂಂ ಎಂದರು.

ಅತ್ತೆ ಬೆಳಕು ಹರಿಯುವ ಮೊದಲೇ ಎದ್ದು, ಗೋಡೆ ಹಿಡಿದುಕೊಂಡು ಹಿತ್ತಲಿಗೆ ಹೋಗಿ, ಸದ್ದಾಗದಂತೆ ಅದನ್ನು ತಾವೇ ತೊಳೆದು ತಂದಿಡುತ್ತಿದ್ದರು. ಮಗನಿಗೆ ಅದು ಗೊತ್ತಿತ್ತು. ಅದಕ್ಕೇ ನನ್ನ ಗಂಡ ಏಳುವುದನ್ನು ಇನ್ನಷ್ಟು ತಡಮಾಡತೊಡಗಿದರು.